ಹನ್ನೊಂದು ಚುಕ್ಕಿ, ಒಂದು ಕಳ್ಳತನದ ಲೆಕ್ಕ

ಪರದೆಯ ಮೇಲಿನ ಪಟ್ಟಿ ನೋಡಿ. ಬರೀ ಅಂಕಿಗಳು. ಸೊನ್ನೆ, 0.107, 0.303, 0.324, 0.507, 1.541, 1.728, 1.915. ಆಮೇಲೆ ದೊಡ್ಡ ಖಾಲಿ. ಮತ್ತೆ 9.219, 10.433, 12.439. ಒಟ್ಟು ಹನ್ನೊಂದು. ಎಲ್ಲವೂ ಸೆಕೆಂಡುಗಳು. 1987ರ ಫೆಬ್ರುವರಿ 23ರಂದು ಜಪಾನಿನ ಕಮಿಯೋಕಾ ಗಣಿಯೊಳಗಿನ ಒಂದು ನೀರಿನ ತೊಟ್ಟಿಯಲ್ಲಿ ಹನ್ನೊಂದು ಸಲ ಸಣ್ಣಗೆ ಬೆಳಕು ಮಿನುಗಿತು. ದೂರದ ನಕ್ಷತ್ರವೊಂದು ಸಿಡಿದಾಗ ಹೊರಟ ನ್ಯೂಟ್ರಿನೋ ಅನ್ನುವ ಕಣಗಳು ಆ ನೀರಿಗೆ ತಾಗಿದ ಗುರುತು ಅದು. ಮೊದಲ ಮಿನುಗನ್ನು ಸೊನ್ನೆ ಅಂತ ಇಟ್ಟುಕೊಂಡರೆ ಉಳಿದವು ಯಾವಾಗ ಬಂದವು ಅನ್ನುವುದೇ ಈ ಪಟ್ಟಿ. ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಅದರಲ್ಲೂ ಕೊನೆಯ ಮೂರು ಅಂಕಿಗಳ ಮೇಲೆ ಒಂದು ಕಣ್ಣಿಟ್ಟಿರಿ.

ನಿಜ ಹೇಳಬೇಕೆಂದರೆ ಮೂಲ ಪಟ್ಟಿಯಲ್ಲಿ ಹನ್ನೆರಡು ಇದ್ದವು. 0.686ರಲ್ಲಿ ಇನ್ನೊಂದು ಮಿನುಗಿತ್ತು. ತೀರಾ ಮಂಕಾಗಿತ್ತು ಅಂತ ಅದನ್ನು ಲೆಕ್ಕದಿಂದ ಬಿಟ್ಟರು.

ಆ ದಿನ ಸಿಡಿದದ್ದು ನಮ್ಮ ಗ್ಯಾಲಕ್ಸಿಯ ನಕ್ಷತ್ರ ಅಲ್ಲ. ಪಕ್ಕದಲ್ಲೊಂದು ಪುಟ್ಟ ಗ್ಯಾಲಕ್ಸಿ ಇದೆ, ದೊಡ್ಡ ಮೆಗಲಾನಿಕ್ ಮೋಡ ಅಂತ. ಅಲ್ಲಿದ್ದ ಒಂದು ನೀಲಿ ದೈತ್ಯ ನಕ್ಷತ್ರ ಅದು. ದೂರ ಸುಮಾರು 1,68,000 ಜ್ಯೋತಿರ್ವರ್ಷ. ಚಿಲಿಯ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ಫೋಟೋ ಪ್ಲೇಟಿನ ಮೇಲೆ ಅದನ್ನು ಕಂಡರು. ಆಸ್ಕರ್ ದುಹಾಲ್ಡೆ ಅದೇ ರಾತ್ರಿ ಹೊರಗೆ ಬಂದು ಬರಿಗಣ್ಣಲ್ಲೇ ಕಂಡಿದ್ದರು. ಸೂಪರ್ನೋವಾ 1987ಎ ಅಂತ ಹೆಸರಾಯಿತು. ಆದರೆ ಸುದ್ದಿ ಅದಕ್ಕೆ ಮುಂಚೆಯೇ ಭೂಮಿಗೆ ಬಂದು ಮುಟ್ಟಿತ್ತು. ಯಾರೂ ಓದಿರಲಿಲ್ಲ ಅಷ್ಟೆ. ಕಮಿಯೋಕಾದ ಮ್ಯಾಗ್ನೆಟಿಕ್ ಟೇಪಿನಲ್ಲಿ ಆ ಹನ್ನೊಂದು ಮಿನುಗು ಸುಮ್ಮನೆ ಕೂತಿದ್ದವು. ಆಕಾಶದಲ್ಲಿ ಹೀಗಾಗಿದೆ ಅಂತ ಗೊತ್ತಾದ ಮೇಲೆ ಟೇಪು ತೆಗೆದು ಹುಡುಕಿದರು.

ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು ಮೂರು ಗಂಟೆ ಮೊದಲು ಬಂದವು. ಬೆಳಕಿಗಿಂತ ಜೋರಾಗಿ ಓಡಿದವು ಅಂತಲ್ಲ, ಮೊದಲು ಹೊರಟವು. ನಕ್ಷತ್ರದ ಒಡಲಲ್ಲಿ ಎದ್ದ ಆಘಾತದ ಅಲೆ ಮೇಲ್ಮೈಗೆ ಬರುವ ತನಕ ಬೆಳಕು ಕಾಯಬೇಕು. ನ್ಯೂಟ್ರಿನೋಗೆ ಆ ಕಾಯುವಿಕೆ ಇಲ್ಲ.

ಇಲ್ಲಿ ಒಂದು ಅಡ್ಡಮಾತು. 2011ರಲ್ಲಿ ನ್ಯೂಟ್ರಿನೋ ಬೆಳಕನ್ನು ಮೀರಿಸಿತು ಅಂತ ದೊಡ್ಡ ಗದ್ದಲ ಆಗಿತ್ತು, ನೆನಪಿದೆಯಾ? ಆಪೆರಾ ಅನ್ನುವ ಪ್ರಯೋಗ. ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊಗೆ 730 ಕಿಲೋಮೀಟರ್. 60 ನ್ಯಾನೊಸೆಕೆಂಡ್ ಬೇಗ ಬಂತು ಅಂದರು. ಆಗ ಹಲವರು ಮಾಡಿದ ಮೊದಲ ಕೆಲಸ ಒಂದು ಭಾಗಾಕಾರ. ಅದೇ ವೇಗದಲ್ಲಿ ಓಡಿದ್ದರೆ 1987ಎ ನ್ಯೂಟ್ರಿನೋಗಳು ಮೂರು ಗಂಟೆ ಅಲ್ಲ, ಸುಮಾರು ನಾಲ್ಕು ವರ್ಷ ಮೊದಲೇ ಬಂದಿರಬೇಕಿತ್ತು! ಎರಡರ ಶಕ್ತಿ ಬೇರೆ ಬೇರೆ, ಹಾಗಾಗಿ ವಾದಕ್ಕೆ ಸ್ವಲ್ಪ ಜಾಗ ಇತ್ತು. ಕೊನೆಗೆ ನೋಡಿದರೆ ಒಂದು ಫೈಬರ್ ಕೇಬಲ್ಲು ಸರಿಯಾಗಿ ಕೂತಿರಲಿಲ್ಲ. ಹಳೆಯ ಸ್ಫೋಟವೊಂದು ಹೊಸ ಸುದ್ದಿಗೆ ಹೀಗೆ ತಕರಾರು ತೆಗೆಯಬಲ್ಲದು. ಇನ್ನೂ ಯಾರೂ ಕಾಣದ ಹೊಸ ಕಣಗಳ ವಿಷಯದಲ್ಲೂ ನಾವು ಮಾಡುವುದು ಇದನ್ನೇ.

ನಕ್ಷತ್ರದ ಒಡಲಿಗೆ ಇಳಿಯೋಣ. ಉರಿಸಲು ಏನೂ ಉಳಿಯದಿದ್ದಾಗ ನಡುವೆ ಒಂದು ಕಬ್ಬಿಣದ ಉಂಡೆ ಕೂರುತ್ತದೆ. ತೂಕ ಸೂರ್ಯನ ಸುಮಾರು ಒಂದೂವರೆ ಪಟ್ಟು. ಗಾತ್ರ ಭೂಮಿಯ ಆಸುಪಾಸು. ತನ್ನ ಭಾರ ತಾನೇ ತಾಳಲಾರದೆ ಅದು ಕುಸಿಯುತ್ತದೆ. ಒಂದು ಸೆಕೆಂಡೂ ಹಿಡಿಯುವುದಿಲ್ಲ. ಉಳಿಯುವುದು ಕೆಲವು ಹತ್ತು ಕಿಲೋಮೀಟರಿನ ಕಾದ ಗೋಳ. ಅದೇ ಹಸುಳೆ ನ್ಯೂಟ್ರಾನ್ ನಕ್ಷತ್ರ. ಬಿದ್ದ ರಭಸವೆಲ್ಲ ಶಾಖ. ಎಷ್ಟು ಶಾಖ? ಸೂರ್ಯ ತನ್ನ ಸಾವಿರ ಕೋಟಿ ವರ್ಷದ ಆಯಸ್ಸಿನಲ್ಲಿ ಕೊಡುವ ಬೆಳಕನ್ನೆಲ್ಲ ಕೂಡಿಸಿ. ಅದರ ಇನ್ನೂರು ಪಟ್ಟಿಗಿಂತ ಜಾಸ್ತಿ. ಅಷ್ಟೂ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಹೊರಗೆ ಹೋಗಬೇಕು.

ಹೋಗುವುದು ಹೇಗೆ? ನೂರರಲ್ಲಿ ತೊಂಬತ್ತೊಂಬತ್ತು ಪಾಲು ನ್ಯೂಟ್ರಿನೋ ಆಗಿ. ಒಂದು ಪಾಲು ನಕ್ಷತ್ರದ ಹೊರಮೈಯನ್ನು ಚೂರುಚೂರಾಗಿ ಎಸೆಯುವುದಕ್ಕೆ. ಆ ಒಂದು ಪಾಲಿನಲ್ಲೂ ನೂರನೇ ಒಂದು ಭಾಗದಷ್ಟು ಬೆಳಕು. ಇಡೀ ಗ್ಯಾಲಕ್ಸಿಯನ್ನೇ ಮಂಕಾಗಿಸುವ ಸ್ಫೋಟ ಅಂತ ನಾವು ಬಾಯಿ ಬಿಟ್ಟು ನೋಡುತ್ತೇವಲ್ಲ, ಅದು ಬರೀ ಚಿಲ್ಲರೆ. ಆಗ ಹುಟ್ಟಿದ್ದವರು ಇಲ್ಲಿ ಎಷ್ಟು ಜನ ಇದ್ದೀರಿ? ನಿಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನಲ್ಲೂ ಆ ಹತ್ತು ಸೆಕೆಂಡಿನಲ್ಲಿ ಸಾವಿರಾರು ಕೋಟಿ ನ್ಯೂಟ್ರಿನೋ ತೂರಿ ಹೋಗಿವೆ. ನಿಮಗೆ ಏನೂ ಅನ್ನಿಸಿರಲಿಕ್ಕಿಲ್ಲ. ಎರಡು ಸಾವಿರ ಟನ್ನಿಗೂ ಮೀರಿದ ನೀರಿಗೆ ಅನ್ನಿಸಿದ್ದೇ ಹನ್ನೊಂದು ಸಲ.

ಇಲ್ಲಿ ಒಂದು ವಿಚಿತ್ರ ಇದೆ. ನ್ಯೂಟ್ರಿನೋ ಅಂದರೆ ಯಾರ ತಂಟೆಗೂ ಹೋಗದ ಕಣ. ಜ್ಯೋತಿರ್ವರ್ಷ ದಪ್ಪದ ಸೀಸದ ಗೋಡೆಯನ್ನೂ ದಾಟಬಲ್ಲದು. ಅಂಥದ್ದು ಈ ಗೋಳದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಘನ ಸೆಂಟಿಮೀಟರಿಗೆ ಕೋಟಿಗಟ್ಟಲೆ ಟನ್ ತೂಗುವ ವಸ್ತು ಅದು. ನಾಲ್ಕಾರು ಮೀಟರ್ ಹೋಗುವಷ್ಟರಲ್ಲಿ ಯಾವುದಾದರೂ ನ್ಯೂಟ್ರಾನಿಗೆ ಢಿಕ್ಕಿ. ಈ ಸಭಾಂಗಣಕ್ಕೆ ಒಂದೇ ಬಾಗಿಲು ಅಂದುಕೊಳ್ಳಿ. ಮಾತು ಮುಗಿದ ಕೂಡಲೇ ಎಲ್ಲರೂ ಎದ್ದರೆ ಏನಾಗುತ್ತದೆ? ಒಬ್ಬರಿಗೊಬ್ಬರು ತಾಗಿಕೊಂಡು, ಹಿಂದೆ ಮುಂದೆ ಸರಿದು, ನಿಧಾನವಾಗಿ ಹೊರಗೆ ಬರುತ್ತೀರಿ. ಖಾಲಿ ಹಾಲ್ ಆಗಿದ್ದರೆ ಅರ್ಧ ನಿಮಿಷದ ದಾರಿ, ನೂಕುನುಗ್ಗಲಿನಲ್ಲಿ ಕಾಲು ಗಂಟೆ. ನ್ಯೂಟ್ರಿನೋಗಳಿಗೆ ಬೇಕಾದ ಹತ್ತು ಸೆಕೆಂಡು ಈ ನೂಕುನುಗ್ಗಲಿನದು.

ಈಗ ಕಳ್ಳನನ್ನು ಒಳಗೆ ಬಿಡೋಣ. ನಮಗೆ ಗೊತ್ತಿಲ್ಲದ ಇನ್ನೊಂದು ಕಣ ಇದೆ, ಅದು ನ್ಯೂಟ್ರಿನೋಗಿಂತಲೂ ಸಂಕೋಚದ್ದು ಅಂತ ಇಟ್ಟುಕೊಳ್ಳಿ. ಕಾದ ಗೋಳದ ನಟ್ಟನಡುವೆ ಅದು ಹುಟ್ಟುತ್ತದೆ. ಬಾಗಿಲಿನ ಸಾಲಿನಲ್ಲಿ ನಿಲ್ಲುವುದಿಲ್ಲ. ನೇರ ಗೋಡೆ ತೂರಿ ಹೋಗುತ್ತದೆ, ಹೋಗುವಾಗ ಶಾಖ ಹೊತ್ತುಕೊಂಡು ಹೋಗುತ್ತದೆ. ಗೋಳ ಬೇಗ ತಣಿಯುತ್ತದೆ. ಜಮಾ ಇರುವುದು ಅಷ್ಟೇ ಅಲ್ವಾ? ಖರ್ಚಿಗೆ ಇನ್ನೊಂದು ದಾರಿ ಬಿದ್ದರೆ ನ್ಯೂಟ್ರಿನೋಗಳ ಪಾಲು ಕಡಿಮೆಯಾಗುತ್ತದೆ. ಹತ್ತು ಸೆಕೆಂಡು ನಡೆಯಬೇಕಾದ ಸುರಿಮಳೆ ಎರಡು ಮೂರು ಸೆಕೆಂಡಿಗೇ ನಿಲ್ಲುತ್ತದೆ.

ಈಗ ಮತ್ತೆ ಪಟ್ಟಿ ನೋಡಿ. 9.219, 10.433, 12.439. ಕಳ್ಳತನ ಜೋರಾಗಿ ನಡೆದಿದ್ದರೆ ಈ ಮೂರು ಬರುತ್ತಲೇ ಇರಲಿಲ್ಲ. ಮೊದಲ ಎರಡು ಸೆಕೆಂಡಿನ ಎಂಟು ಮಿನುಗು ಇದಕ್ಕೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಆಗಿನ್ನೂ ಹೊರಗಿನಿಂದ ವಸ್ತು ಬೀಳುತ್ತಲೇ ಇರುತ್ತದೆ, ಮೇಲ್ಪದರದಿಂದಲೂ ನ್ಯೂಟ್ರಿನೋ ಹೊರಡುತ್ತವೆ. ಒಡಲಿನ ಶಾಖ ಎಷ್ಟು ಹೊತ್ತು ಉಳಿಯಿತು ಅಂತ ಹೇಳುವುದು ತಡವಾಗಿ ಬಂದವರು.

ಒಂದು ಕೊಸರು ಇಲ್ಲೇ ಹೇಳಿಬಿಡುತ್ತೇನೆ. 1.9ರಿಂದ 9.2ರ ತನಕ ಏಳು ಸೆಕೆಂಡು ಖಾಲಿ ಯಾಕೆ? ಬಹುಶಃ ಬರೀ ಆಕಸ್ಮಿಕ. ಅದೇ ಹೊತ್ತಿಗೆ ಅಮೆರಿಕದ ಈರಿ ಸರೋವರದ ಬಳಿಯ ಉಪ್ಪಿನ ಗಣಿಯಲ್ಲಿದ್ದ ಐಎಂಬಿ ತೊಟ್ಟಿ ಎಂಟು ನ್ಯೂಟ್ರಿನೋ ಕಂಡಿತು. ಅದೂ ಮಿನುಗನ್ನು ಹಿಡಿಯುವ ಕೊಳವೆಗಳಲ್ಲಿ ಕಾಲುಭಾಗ ಕೆಟ್ಟು ಕೂತಿದ್ದಾಗ. ಅಲ್ಲಿಯ ಕೊನೆಯ ಎರಡು 5.010 ಮತ್ತು 5.582ಕ್ಕೆ ಬಂದವು. ಸರಿಯಾಗಿ ಆ ಖಾಲಿಯ ನಡುವೆ! ಆದರೆ ಎರಡೂ ಪಟ್ಟಿಯನ್ನು ಜೋಡಿಸುವಾಗ ಎರಡರ ಮೊದಲ ಮಿನುಗೂ ಒಟ್ಟಿಗೇ ಬಂತು ಅಂತ ನಾವೇ ಊಹಿಸುತ್ತೇವೆ. ಯಾಕೆಂದರೆ ಕಮಿಯೋಕಾದ ಗಡಿಯಾರ ಒಂದು ನಿಮಿಷದಷ್ಟು ಹಿಂದೆಮುಂದೆ ಇರಬಹುದಾಗಿತ್ತು. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಅಂತರ ಅಳೆದ ಯಂತ್ರಕ್ಕೆ ಗಂಟೆ ಎಷ್ಟಾಯಿತು ಅಂತ ಸರಿಯಾಗಿ ಗೊತ್ತಿರಲಿಲ್ಲ. ರಷ್ಯಾದ ಬಾಕ್ಸಾನ್‌ನಲ್ಲಿ ಐದು ಸಿಕ್ಕವು. ಇಷ್ಟೇ ನಮ್ಮ ಇಡೀ ಬಂಡವಾಳ. ಮೂರೂ ಸೇರಿ ಇಪ್ಪತ್ತನಾಲ್ಕು.

ಈ ಕಳ್ಳನಿಗೆ ಹೆಸರುಂಟು. ಹಲವು ಹೆಸರು. ಅತಿ ಹೆಚ್ಚು ಬೆನ್ನಟ್ಟಿಸಿಕೊಂಡವನು ಆಕ್ಸಿಯಾನ್. ಇವನನ್ನು ಯಾರೂ ನೋಡಿಲ್ಲ. ಯಾಕೆ ಬೇಕಾದ ಅಂದರೆ, ನ್ಯೂಟ್ರಾನಿನ ಒಂದು ವಿಚಿತ್ರ ಅಚ್ಚುಕಟ್ಟುತನಕ್ಕೆ ಕಾರಣ ಹೇಳಲು. ನ್ಯೂಟ್ರಾನಿನೊಳಗೆ ಧನ, ಋಣ ಎರಡೂ ವಿದ್ಯುದಂಶ ಇವೆ. ಅವು ಚೂರು ಆಚೀಚೆ ಸರಿದಿರಬೇಕು ಅಂತ ಸಿದ್ಧಾಂತ ಹೇಳುತ್ತದೆ. ಅಳೆದು ನೋಡಿದರೆ ಸರಿದೇ ಇಲ್ಲ. ಇದ್ದರೂ ನಿರೀಕ್ಷೆಯ ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಇಷ್ಟು ನಾಜೂಕು ಸುಮ್ನೆ ಬರುವುದಿಲ್ಲ. 1977ರಲ್ಲಿ ರಾಬರ್ಟೊ ಪೆಚ್ಚೈ ಮತ್ತು ಹೆಲೆನ್ ಕ್ವಿನ್ ಒಂದು ದಾರಿ ತೋರಿಸಿದರು. ಮರುವರ್ಷ ಸ್ಟೀವನ್ ವೈನ್‌ಬರ್ಗ್ ಮತ್ತು ಫ್ರಾಂಕ್ ವಿಲ್ಚೆಕ್ ಬೇರೆ ಬೇರೆಯಾಗಿ, ಹಾಗಾದರೆ ಒಂದು ಹೊಸ ಕಣ ಇರಲೇಬೇಕು ಅಂದರು. ವಿಲ್ಚೆಕ್ ಅದಕ್ಕೆ ಒಂದು ಬಟ್ಟೆ ಒಗೆಯುವ ಪುಡಿಯ ಹೆಸರಿಟ್ಟರು. ಸಿದ್ಧಾಂತದ ಕಲೆ ತೊಳೆಯುತ್ತದೆ ಅಂತ. ಆಮೇಲೆ ಗೊತ್ತಾಯಿತು, ಇದೇ ಕಣ ಬ್ರಹ್ಮಾಂಡದಲ್ಲಿ ಕಣ್ಣಿಗೆ ಕಾಣದೆ ಬರೀ ಸೆಳೆತದಿಂದ ಗೊತ್ತಾಗುವ ಕಪ್ಪು ದ್ರವ್ಯವೂ ಆಗಿರಬಹುದು. ಒಂದೇ ಕಲ್ಲಿಗೆ ಎರಡು ಹಕ್ಕಿ. ಹಕ್ಕಿ ಮಾತ್ರ ಇನ್ನೂ ಸಿಕ್ಕಿಲ್ಲ.

ಆಕ್ಸಿಯಾನಿನ ಒಂದು ಗುಣ ನಮಗೆ ಅನುಕೂಲ. ಅದರ ತೂಕಕ್ಕೂ ಅಂಟುವ ಗುಣಕ್ಕೂ ನಂಟಿದೆ. ತೂಕ ಜಾಸ್ತಿಯಾದರೆ ಬೇರೆ ಕಣಗಳಿಗೆ ಅಂಟುವುದೂ ಜಾಸ್ತಿ. ಆ ಕಾದ ಗೋಳದಲ್ಲಿ ನ್ಯೂಟ್ರಾನ್ ನ್ಯೂಟ್ರಾನ್ ಢಿಕ್ಕಿ ಹೊಡೆಯುತ್ತಲೇ ಇರುತ್ತವೆ. ಪ್ರತಿ ಢಿಕ್ಕಿಯಲ್ಲೂ ಒಂದು ಆಕ್ಸಿಯಾನ್ ಚಿಮ್ಮುವ ಸಾಧ್ಯತೆ ಇದೆ. ಅಂಟು ಹೆಚ್ಚಿದಷ್ಟೂ ಚಿಮ್ಮುವುದು ಹೆಚ್ಚು, ಕಳವೂ ಹೆಚ್ಚು.

ಎಷ್ಟು ಕಳವಾದರೆ ಪಟ್ಟಿ ಕೆಡುತ್ತದೆ? ಜರ್ಮನಿಯ ಗೇಯೋರ್ಗ್ ರಾಫೆಲ್ಟ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಗೋಳ ಹುಟ್ಟಿದ ಒಂದು ಸೆಕೆಂಡಿನ ಹೊತ್ತಿಗೆ ಹೊಸ ಕಣ ಒಯ್ಯುವ ಶಕ್ತಿ, ನ್ಯೂಟ್ರಿನೋಗಳು ಒಯ್ಯುವುದನ್ನು ಮೀರಬಾರದು. ಗ್ರಾಂ ಲೆಕ್ಕದಲ್ಲಿ ಹೇಳಿದರೆ, ಪ್ರತಿ ಗ್ರಾಂ ವಸ್ತುವಿನಿಂದ ಸೆಕೆಂಡಿಗೆ ಒಂದು ಲಕ್ಷ ಕೋಟಿ ಜೌಲ್. ಅಂದರೆ ಸಾವಿರ ಮೆಗಾವ್ಯಾಟಿನ ಸಾವಿರ ವಿದ್ಯುತ್ ಸ್ಥಾವರಗಳ ಶಕ್ತಿ, ಒಂದು ಗ್ರಾಂನಿಂದ! ಅಷ್ಟು ಕದ್ದರೂ ನಾವು ದೂರು ಕೊಡುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಮಾತ್ರ ಹಿಡಿಯುತ್ತೇವೆ. ನಕ್ಷತ್ರದ ಲೆಕ್ಕ ಇಷ್ಟು ಧಾರಾಳ.

ಇಷ್ಟು ಧಾರಾಳವಾಗಿದ್ದರೂ ಬಂದ ಉತ್ತರ ಬಿಗಿಯಾಗಿದೆ. ಕಣಗಳ ತೂಕ ಹೇಳಲು ಎಲೆಕ್ಟ್ರಾನ್ ವೋಲ್ಟ್ ಅಂತ ಒಂದು ಅಳತೆ ಇದೆ. ಆಕ್ಸಿಯಾನಿನ ತೂಕ ಒಂದು ಎಲೆಕ್ಟ್ರಾನ್ ವೋಲ್ಟಿನ ನೂರರಲ್ಲಿ ಒಂದೆರಡು ಪಾಲನ್ನು ಮೀರುವಂತಿಲ್ಲ. ಎಲೆಕ್ಟ್ರಾನಿನ ತೂಕ ಇದೇ ಅಳತೆಯಲ್ಲಿ 5,11,000. ಅಂದರೆ ಎಲೆಕ್ಟ್ರಾನಿಗಿಂತ ಕೋಟಿಗಟ್ಟಲೆ ಪಟ್ಟು ಹಗುರ. 1988ರಷ್ಟು ಹೊತ್ತಿಗೆ ಎರಡು ಮೂರು ತಂಡಗಳು ಬೇರೆ ಬೇರೆಯಾಗಿ ಈ ಲೆಕ್ಕ ಮಾಡಿ ಮುಗಿಸಿದ್ದವು. ಹೊಸ ಯಂತ್ರ ಇಲ್ಲ, ಹೊಸ ಖರ್ಚಿಲ್ಲ. ಆ ತೊಟ್ಟಿಗಳನ್ನು ಕಟ್ಟಿದ್ದೇ ಬೇರೆ ಕೆಲಸಕ್ಕೆ. ಪ್ರೋಟಾನ್ ಯಾವಾಗಲಾದರೂ ಒಡೆಯುತ್ತದಾ ಅಂತ ನೋಡಲು. ಅದು ಒಡೆಯಲಿಲ್ಲ.

ಒಂದು ಪ್ರಶ್ನೆ ನಿಮಗೆ ಬಂದಿರಬೇಕು. ಕಣ ತುಂಬಾ ಜೋರಾಗಿ ಅಂಟಿದರೆ? ಆಗ ಕಳ್ಳನೂ ನೂಕುನುಗ್ಗಲಿನಲ್ಲಿ ಸಿಕ್ಕಿಬೀಳುತ್ತಾನೆ. ಶಾಖ ಕದಿಯಲು ಆಗುವುದಿಲ್ಲ. ಹಾಗಾಗಿ ಸೂಪರ್ನೋವಾ ಒಂದು ಗೆರೆ ಎಳೆದು ಮೇಲಿನದನ್ನೆಲ್ಲ ಅಳಿಸುವುದಿಲ್ಲ. ಅಳಿಸುವುದು ನಡುವಿನ ಒಂದು ಪಟ್ಟೆಯನ್ನು. ತೀರಾ ಸಂಕೋಚದವನು ತಪ್ಪಿಸಿಕೊಳ್ಳುತ್ತಾನೆ, ತೀರಾ ಸಲುಗೆಯವನೂ ತಪ್ಪಿಸಿಕೊಳ್ಳುತ್ತಾನೆ. ಆದರೆ ಸಲುಗೆಯವನಿಗೆ ಬೇರೆ ಬಲೆ ಇದೆ. ಅಷ್ಟು ಅಂಟುವ ಆಕ್ಸಿಯಾನ್ ಆಗಿದ್ದರೆ ಕಮಿಯೋಕಾದ ನೀರಿನಲ್ಲಿದ್ದ ಆಕ್ಸಿಜನ್ ಪರಮಾಣುಗಳನ್ನೇ ಕೆಣಕಿ ಇನ್ನಷ್ಟು ಮಿನುಗು ಎಬ್ಬಿಸಬೇಕಿತ್ತು. ಅದೂ ಕಾಣಲಿಲ್ಲ.

ಬೆಳಕಿನ ಕಣದ ಕಾಣದ ನೆಂಟ ಅನ್ನಬಹುದಾದ ಕಪ್ಪು ಫೋಟಾನ್, ನಮಗೆ ಕಾಣದ ಹೆಚ್ಚುವರಿ ಆಯಾಮಗಳಿಗೆ ನುಸುಳುವ ಗುರುತ್ವದ ಕಣ ಗ್ರಾವಿಟಾನ್, ಹೀಗೆ ಬೇರೆ ಹಲವರ ಮೇಲೂ ಇದೇ ಲೆಕ್ಕ ಹಾಕಿದ್ದಾರೆ. ದಾರಿ ಒಂದೇ, ಅಂಕಿ ಬೇರೆ. ಅದನ್ನು ಬಿಟ್ಟು ನನಗೆ ತುಂಬಾ ಇಷ್ಟವಾದ ಇನ್ನೊಂದು ಕಥೆಗೆ ಬರುತ್ತೇನೆ.

ಸೋಲಾರ್ ಮ್ಯಾಕ್ಸಿಮಮ್ ಮಿಷನ್ ಅಂತ ಒಂದು ಉಪಗ್ರಹ ಇತ್ತು. 1980ರಲ್ಲಿ ಸೂರ್ಯನನ್ನು ನೋಡಲು ಹಾರಿಸಿದ್ದು. ಮೊದಲ ವರ್ಷವೇ ಕೆಟ್ಟಿತು. 1984ರಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಗಗನಯಾತ್ರಿಗಳು ಅದನ್ನು ಹಿಡಿದು ರಿಪೇರಿ ಮಾಡಿ ಮತ್ತೆ ಬಿಟ್ಟರು. ಹಾಗೆ ಉಳಿದುಕೊಂಡದ್ದರಿಂದ 1987ರ ಆ ದಿನ ಅದು ಕೆಲಸದಲ್ಲಿತ್ತು. ಮುಖ ಸೂರ್ಯನ ಕಡೆಗೇ. ಆದರೆ ಅದರ ಗಾಮಾ ಕಿರಣದ ಯಂತ್ರಕ್ಕೆ ಪಕ್ಕದಿಂದ ತೂರಿ ಬರುವ ಕಿರಣವೂ ಗೊತ್ತಾಗುತ್ತಿತ್ತು.

ಆಕ್ಸಿಯಾನನ್ನು ಹೋಲುವ, ತೀರಾ ಹಗುರವಾದ ಕಣಗಳಿಗೆ ಇನ್ನೊಂದು ಗುಣ ಇರಬಹುದು. ಕಾಂತಕ್ಷೇತ್ರದಲ್ಲಿ ಅವು ಬೆಳಕಾಗಿ ಬದಲಾಗುತ್ತವೆ. ನಮ್ಮ ಗ್ಯಾಲಕ್ಸಿಯ ತುಂಬ ದುರ್ಬಲವಾದ ಕಾಂತಕ್ಷೇತ್ರ ಹರಡಿದೆ. 1987ಎಯಿಂದ ಅಂಥ ಕಣಗಳು ಹೊರಟಿದ್ದರೆ, ಅವುಗಳಲ್ಲಿ ಕೆಲವು ದಾರಿಯಲ್ಲಿ ಗಾಮಾ ಕಿರಣವಾಗಿ ಮಾರ್ಪಟ್ಟು ನ್ಯೂಟ್ರಿನೋ ಬಂದ ಅದೇ ಹತ್ತು ಸೆಕೆಂಡಿನಲ್ಲಿ ಉಪಗ್ರಹಕ್ಕೆ ಬಡಿಯಬೇಕಿತ್ತು. ಎಲ್ಲಿ ನೋಡಬೇಕು, ಯಾವ ಕ್ಷಣದಲ್ಲಿ ನೋಡಬೇಕು ಅಂತ ನ್ಯೂಟ್ರಿನೋಗಳೇ ಹೇಳಿಕೊಟ್ಟಿದ್ದವು. ನೋಡಿದರು. ಏನೂ ಇರಲಿಲ್ಲ. ಎಂದಿನ ಹಿನ್ನೆಲೆ ಗದ್ದಲ ಅಷ್ಟೆ. ಆ 'ಏನೂ ಇಲ್ಲ'ದಿಂದ ಬಂದ ಮಿತಿ, ಸೂರ್ಯನಿಂದ ಬರುವ ಆಕ್ಸಿಯಾನ್ ಹುಡುಕಲು ಸರ್ನ್‌ನಲ್ಲಿ ಕಟ್ಟಿದ ಕಾಸ್ಟ್ ದೂರದರ್ಶಕದ ಮಿತಿಗಿಂತ ತೀರಾ ಹಗುರ ಕಣಗಳ ಮಟ್ಟಿಗೆ ಸುಮಾರು ಹತ್ತು ಪಟ್ಟು ಬಿಗಿ.

ಇದಕ್ಕೊಂದು ಬಾಲ ಇದೆ. ನ್ಯೂಟ್ರಿನೋ ಬಂದ 223 ಸೆಕೆಂಡಿನ ನಂತರ ಆ ಯಂತ್ರ ತನ್ನ ಅಳತೆ ಸರಿಯಿದೆಯಾ ಅಂತ ನೋಡಿಕೊಳ್ಳುವ ಕ್ಯಾಲಿಬ್ರೇಷನ್‌ಗೆ ಹೋಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿತು ಅನ್ನಿ. ತೂಕ ಇರುವ ಕಣ ನಿಧಾನವಾಗಿ ಬರುತ್ತದೆ, ದಾರಿಯಲ್ಲಿ ಒಡೆದು ಗಾಮಾ ಆಗುತ್ತದೆ. ಅಂಥವನ್ನು ಹುಡುಕುವವರಿಗೆ ಆ ಮುಚ್ಚಿದ ಹೊತ್ತು ಇವತ್ತಿಗೂ ತಲೆನೋವು. ಅದೇ ಕ್ಯಾಲಿಬ್ರೇಷನ್ ನಾಲ್ಕು ನಿಮಿಷ ಮುಂಚೆ ಶುರುವಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

2022ರಲ್ಲಿ ರಾಫೆಲ್ಟ್ ಮತ್ತು ಜೊತೆಗಾರರು ಇದನ್ನೇ ತಿರುಗಿಸಿ ಹಾಕಿದರು. ಜೋರಾದ ಸ್ಫೋಟ ಬಿಡಿ, ಸಪ್ಪೆ ಸ್ಫೋಟಗಳನ್ನು ನೋಡೋಣ ಅಂದರು. ಭಾರದ ಕಣವೊಂದು ಒಡಲಿನಿಂದ ಹೊರಟು ನಕ್ಷತ್ರದ ಹೊರಪದರದೊಳಗೇ ಒಡೆದು ಬೆಳಕಾದರೆ, ಕದ್ದ ಶಾಖವನ್ನೆಲ್ಲ ಅಲ್ಲೇ ಸುರಿದ ಹಾಗೆ. ಸ್ಫೋಟ ವಿಪರೀತ ಜೋರಾಗಬೇಕು. ಆದರೆ ಮಾಮೂಲಿನ ಹತ್ತನೇ ಒಂದು ಪಾಲು ಶಕ್ತಿಯಲ್ಲಿ ಮೆಲ್ಲಗೆ ಸಿಡಿಯುವ ಸೂಪರ್ನೋವಾಗಳೂ ಇವೆ. ಅಂದರೆ ಅಲ್ಲಿ ಒಟ್ಟು ಶಾಖದ ಸುಮಾರು ಮೂರು ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ಹೊರಪದರದಲ್ಲಿ ಸುರಿದಿಲ್ಲ. ರಾಫೆಲ್ಟ್ ಸೂತ್ರದಲ್ಲಿ ಅರ್ಧಕ್ಕರ್ಧ ಕದ್ದರೂ ಬಿಡುತ್ತಿದ್ದೆವು. ಇಲ್ಲಿ ಚಿಲ್ಲರೆ ಕದ್ದರೂ ಸಿಕ್ಕಿಬೀಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಬುಡದ ಗಟ್ಟಿತನವನ್ನೂ ನೋಡಬೇಕು. ಮೂರು ಚುಕ್ಕಿಯ ಮೇಲೆ ಇಷ್ಟು ಭಾರ ಹೇರಬಹುದಾ? ಈ ಅನುಮಾನ ಜೋರಾಗಿಯೇ ಎದ್ದಿದೆ. ತಡವಾಗಿ ಬಂದ ನ್ಯೂಟ್ರಿನೋಗಳು ತಣಿಯುವ ಗೋಳದ್ದೇ ಅಂತ ಏನು ಗ್ಯಾರಂಟಿ, ಒಳಗೆ ಕಪ್ಪುಕುಳಿ ಹುಟ್ಟಿ ಅದರ ಸುತ್ತ ಸುಳಿಯುವ ಬಿಸಿ ತಟ್ಟೆಯಿಂದ ಬಂದಿರಬಾರದಾ ಅಂತ 2020ರ ಸುಮಾರಿಗೆ ಕೆಲವರು ಕೇಳಿದರು. ಹಾಗಿದ್ದರೆ ಶಾಖದ ಲೆಕ್ಕವೇ ಬಿದ್ದುಹೋಗುತ್ತದೆ. ಇದು ಕುಚೋದ್ಯದ ಪ್ರಶ್ನೆ ಅಲ್ಲ. ಆಗ ತನಕ ಅಲ್ಲಿ ನ್ಯೂಟ್ರಾನ್ ನಕ್ಷತ್ರ ಇದೆ ಅನ್ನಲು ಗಟ್ಟಿ ಪುರಾವೆ ಇರಲಿಲ್ಲ. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಆ ಅವಶೇಷದ ನಡುವೆ ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್ ಮತ್ತು ಗಂಧಕದ ಗುರುತು ಕಂಡಿತು. ಅವುಗಳ ಮೇಲೆ ಕಿರಣ ಸುರಿಸುತ್ತಿರುವುದು ನ್ಯೂಟ್ರಾನ್ ನಕ್ಷತ್ರವೇ ಇರಬೇಕು. ಕಪ್ಪುಕುಳಿಯ ವಾದ ಅಲ್ಲಿಗೆ ಸೊರಗಿತು.

ಇನ್ನೊಂದು ತೊಡಕು ಮಾತ್ರ ಇನ್ನೂ ಬಗೆಹರಿದಿಲ್ಲ. ನನಗೆ ಅದೇ ಹೆಚ್ಚು ಕುತೂಹಲದ್ದು. ಈಚಿನ ಕಂಪ್ಯೂಟರ್ ಮಾದರಿಗಳಲ್ಲಿ ಆ ಗೋಳ ಒಳಗೊಳಗೇ ಕುದಿಯುತ್ತದೆ, ಅಡಿಯ ಬಿಸಿ ಮೇಲಕ್ಕೆ ಬರುತ್ತದೆ. ಹಾಗಾಗಿ ಬೇಗ ತಣಿಯುತ್ತದೆ. ಎಷ್ಟು ಬೇಗ ಅಂದರೆ, ಕಳ್ಳನೇ ಇಲ್ಲದಿದ್ದರೂ ಕೊನೆಯ ಮೂರು ಚುಕ್ಕಿ ಬರುವುದು ಕಷ್ಟ! 2023ರಲ್ಲಿ ಮಾದರಿಗಳನ್ನೂ ಆ ಹಳೆಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಇದು ಎದ್ದು ಕಂಡಿತು. ಅಂದರೆ ನಮ್ಮ ಮಾಮೂಲು ಜಮಾಖರ್ಚೇ ಪೂರ್ತಿ ತಾಳೆಯಾಗುತ್ತಿಲ್ಲ. ನನ್ನನ್ನು ಕೇಳಿದರೆ, ಆಕ್ಸಿಯಾನಿನ ಮಿತಿ ಹತ್ತು ಪಟ್ಟು ಆಚೀಚೆ ಹೋಗಲಾರದು ಅಂತ ಧೈರ್ಯವಾಗಿ ಹೇಳುತ್ತೇನೆ. ಎರಡು ಪಟ್ಟು ಆಚೀಚೆ ಆಗಲಾರದು ಅಂತ ಯಾರಾದರೂ ಹೇಳಿದರೆ ನಂಬುವುದಿಲ್ಲ.

ಇದಕ್ಕೆ ಮದ್ದು ಇನ್ನೊಂದು ಸ್ಫೋಟ, ಈ ಸಲ ನಮ್ಮದೇ ಗ್ಯಾಲಕ್ಸಿಯಲ್ಲಿ. ನೂರು ವರ್ಷಕ್ಕೆ ಒಂದೆರಡು ಆಗಬೇಕು ಅಂತ ಅಂದಾಜು. ಬರಿಗಣ್ಣಿಗೆ ಸ್ಪಷ್ಟವಾಗಿ ಕಂಡ ಕೊನೆಯದು 1604ರದು. ಈಗ ಕಮಿಯೋಕಾದಲ್ಲಿ 50,000 ಟನ್ ನೀರಿನ ಸೂಪರ್ ಕಮಿಯೋಕಾಂಡೆ ಇದೆ. ಗ್ಯಾಲಕ್ಸಿಯ ನಡುಭಾಗದಷ್ಟು ದೂರದಲ್ಲಿ ನಕ್ಷತ್ರ ಸಿಡಿದರೂ ಅದರಲ್ಲಿ ಸಾವಿರಗಟ್ಟಲೆ ಮಿನುಗು ಸಿಗುತ್ತವೆ. ಹನ್ನೊಂದು ಚುಕ್ಕಿಯ ಜಾಗದಲ್ಲಿ ಗೋಳ ತಣಿಯುವುದನ್ನು ಕ್ಷಣಕ್ಷಣಕ್ಕೆ ತೋರಿಸುವ ಗೆರೆ ಸಿಗುತ್ತದೆ. ಕಳ್ಳ ಕದ್ದದ್ದಾ, ಗೋಳವೇ ಕುದಿದು ತಣಿದದ್ದಾ ಅಂತ ಆ ಗೆರೆಯ ಆಕಾರದಲ್ಲಿ ಬೇರ್ಪಡಿಸಬಹುದು.

ಗಾಮಾ ಕಿರಣದ ವಿಷಯದಲ್ಲಿ ಮಾತ್ರ ಅದೃಷ್ಟ ಬೇಕು. ಈಗಿರುವ ಫೆರ್ಮಿ ದೂರದರ್ಶಕ ಒಂದು ಹೊತ್ತಿಗೆ ಆಕಾಶದ ಸುಮಾರು ಐದನೇ ಒಂದು ಪಾಲನ್ನಷ್ಟೇ ನೋಡುತ್ತದೆ. ನ್ಯೂಟ್ರಿನೋ ಬಂತು ಅಂತ ಗೊತ್ತಾದ ಮೇಲೆ ತಿರುಗಿಸಿ ಪ್ರಯೋಜನವಿಲ್ಲ. ಬೆಳಕಿಗೆ ಕೆಲವು ಗಂಟೆ ಸಮಯ ಇರುತ್ತದೆ, ಆದರೆ ಆಕ್ಸಿಯಾನಿನ ಗಾಮಾ ನ್ಯೂಟ್ರಿನೋ ಜೊತೆಗೇ ಬಂದು ಹೋಗಿರುತ್ತದೆ. ಆರಿದ್ರಾದಂಥ (ಬೆಟೆಲ್‌ಗ್ಯೂಸ್) ಹತ್ತಿರದ ನಕ್ಷತ್ರವಾದರೆ ಇನ್ನೊಂದು ದಾರಿ ಇದೆ. ಕುಸಿಯುವ ಮುಂಚೆ ಸಿಲಿಕಾನ್ ಉರಿಯುವಾಗಲೂ ಸ್ವಲ್ಪ ನ್ಯೂಟ್ರಿನೋ ಹೊರಡುತ್ತವೆ. ಜಪಾನಿನ ತೊಟ್ಟಿಗಳು ಅವನ್ನು ಹಿಡಿದು ಕೆಲವು ಗಂಟೆ ಮೊದಲೇ ಎಚ್ಚರಿಸುವ ವ್ಯವಸ್ಥೆ ಈಗ ಚಾಲ್ತಿಯಲ್ಲಿದೆ. ಆ ಕೆಲವು ಗಂಟೆಯಲ್ಲಿ ದೂರದರ್ಶಕವನ್ನು ಸರಿಯಾದ ಕಡೆಗೆ ತಿರುಗಿಸಿ ಇಡಬಹುದು. ಆ ಹೊತ್ತಿಗೆ ಯಾರೂ ಕ್ಯಾಲಿಬ್ರೇಷನ್ ಶುರುಮಾಡದಿದ್ದರೆ ಸಾಕು.